ಅಕ್ಷರದ ದುಡಿ, ತೆರೆಯ ದುಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕತೆ, ಕಾದಂಬರಿಗಳು ಸಿನಿಮಾ ಆಗುವ ವಿಚಾರವನ್ನೇ ಹಿಡಿದು ಬಂದಿವೆ. ಮೂವತ್ತಮೂರು ವರ್ಷ ಪದವಿ ತರಗತಿಗಳಲ್ಲಿ ಕನ್ನಡ ಪಾಠ ಮಾಡಿದವಳಿಗೆ ಇದಕ್ಕಿಂತ ಪ್ರಿಯವಾದ ವಿಷಯ ಇನ್ನೊಂದಿಲ್ಲ. ಆರು ಪತ್ರಗಳನ್ನು ಎತ್ತಿಕೊಂಡಿದ್ದೇನೆ. ಮೊದಲೆರಡಕ್ಕೆ ಉತ್ತರ ಉದ್ದವಾಗಿದೆ, ತಾಳ್ಮೆಯಿಂದ ಓದಿ.

ಪ್ರಶ್ನೆ: ನಾನು ಕನ್ನಡ ಅಧ್ಯಾಪಕಿ. ‘ಚೋಮನ ದುಡಿ’ ನಮಗೆ ಪಠ್ಯ. ಮಕ್ಕಳು ಮೊಬೈಲಿನಲ್ಲಿ ಸಿನಿಮಾ ನೋಡಿಕೊಂಡು ಬಂದು ಪರೀಕ್ಷೆ ಬರೆಯುತ್ತಾರೆ. ಪುಸ್ತಕ ಮುಟ್ಟುವುದಿಲ್ಲ. ಸಿನಿಮಾ ತೋರಿಸುವುದನ್ನೇ ಬಿಟ್ಟುಬಿಡಲೇ? — ಓದುಗರು, ಹಾವೇರಿ

ಬಿಡಬೇಡಿ. ತೋರಿಸುವ ಹೊತ್ತನ್ನು ಬದಲಿಸಿ.

ನಾನೂ ಮೊದಮೊದಲು ತಪ್ಪು ಹೊತ್ತಿನಲ್ಲೇ ತೋರಿಸುತ್ತಿದ್ದೆ. ಪಾಠ ಮುಗಿದ ಮೇಲೆ ಬಹುಮಾನ ಕೊಟ್ಟ ಹಾಗೆ ಸಿನಿಮಾ. ಆಗ ಮಕ್ಕಳ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: ‘ಪುಸ್ತಕದಲ್ಲಿ ಇದ್ದ ಹಾಗೆಯೇ ಇದೆ’, ಇಲ್ಲವೇ ‘ಪುಸ್ತಕದಲ್ಲಿ ಇದ್ದ ಹಾಗೆ ಇಲ್ಲ’. ಅಲ್ಲಿಗೆ ಚರ್ಚೆ ಮುಗಿಯಿತು. ಎರಡು ಕೃತಿಗಳನ್ನು ಅಕ್ಕಪಕ್ಕ ನಿಲ್ಲಿಸಿ ಎತ್ತರ ಅಳೆದಂತಾಯಿತೇ ಹೊರತು ಎರಡರಲ್ಲಿ ಯಾವುದನ್ನೂ ಓದಿದಂತಾಗಲಿಲ್ಲ.

ಒಂದು ವರ್ಷ ಬೇರೆ ರೀತಿ ಮಾಡಿ ನೋಡಿದೆ. ಕಾದಂಬರಿಯಲ್ಲಿ ಅಸ್ಪೃಶ್ಯ ಆಳು ಚೋಮ ದುಡಿ ಬಾರಿಸುವ ಒಂದು ಭಾಗವನ್ನು ಗಟ್ಟಿಯಾಗಿ ಓದಿಸಿದೆ. ಆಮೇಲೆ ಕೇಳಿದೆ: ‘ಈ ದುಡಿಯ ಸದ್ದು ಹೇಗಿತ್ತು? ನಿಮಗೆ ಕೇಳಿಸಿದ ಹಾಗೆ ಬೆಂಚಿನ ಮೇಲೆ ಬಾರಿಸಿ.’ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಬೆರಳಾಡಿಸತೊಡಗಿದರು. ನಲವತ್ತು ಜನ, ನಲವತ್ತು ಬಗೆ. ಒಬ್ಬ ಅಂಗೈಯಿಂದ ಮೆಲ್ಲಗೆ, ಒಂದೊಂದು ಪೆಟ್ಟಿಗೂ ಉಸಿರು ಹಿಡಿದು ಬಾರಿಸಿದ. ಇನ್ನೊಬ್ಬ ಬೆಂಚು ಮುರಿಯುವ ಹಾಗೆ. ಹಿಂದಿನ ಸಾಲಿನಲ್ಲಿ ಕೊಡಗಿನಿಂದ ಬಂದ ಒಬ್ಬ ಹುಡುಗಿ ಇದ್ದಳು. ಅವಳು ಬಾರಿಸಿದ್ದು ಮಾತ್ರ ಕುಣಿತದ ಗತ್ತಿನಲ್ಲಿ, ಹಗುರವಾಗಿ. ಯಾಕೆ ಹಾಗೆ ಎಂದು ಕೇಳಿದೆ. ‘ಮೇಡಂ, ನಮ್ಮಲ್ಲಿ ದುಡಿ ಬಾರಿಸುವುದು ಮದುವೆಗೆ, ಹುತ್ತರಿಗೆ. ದುಡಿ ಬಾರಿಸುತ್ತಾ ಅಳುವುದನ್ನು ನಾನು ನೋಡಿಯೇ ಇಲ್ಲ’ ಎಂದಳು.

ಇಡೀ ತರಗತಿ ಮೌನವಾಯಿತು. ಆ ದಿನ ಸಿನಿಮಾ ಹಾಕಲಿಲ್ಲ. ಚೋಮನ ಕೈಯಲ್ಲಿರುವುದು ಸಂತೋಷದ ವಾದ್ಯವೋ ದುಃಖದ್ದೋ ಎಂಬ ಮಾತೇ ಗಂಟೆ ಹೊಡೆಯುವವರೆಗೂ ನಡೆಯಿತು. ಅವನಿಗೆ ಇರುವುದು ಒಂದೇ ವಾದ್ಯ, ಎರಡಕ್ಕೂ ಅದೇ ಎಂದು ಕೊನೆಗೆ ಒಬ್ಬ ಹೇಳಿದ. ಆ ಮಾತನ್ನು ಯಾವ ಗೈಡಿನಲ್ಲೂ ನಾನು ಓದಿರಲಿಲ್ಲ.

ಮರುದಿನ ಬಿ.ವಿ. ಕಾರಂತರ 1975ರ ಚಿತ್ರ ಹಾಕಿದೆ. ಈಗ ಮಕ್ಕಳು ಕತೆ ತಿಳಿಯಲು ನೋಡುತ್ತಿರಲಿಲ್ಲ. ತಾವು ಬೆಂಚಿನ ಮೇಲೆ ಬಾರಿಸಿದ್ದಕ್ಕೂ ತೆರೆಯ ಮೇಲೆ ಕೇಳುತ್ತಿರುವುದಕ್ಕೂ ಏನು ವ್ಯತ್ಯಾಸ ಎಂದು ಕಿವಿಗೊಟ್ಟು ಕುಳಿತಿದ್ದರು. ಚೋಮನಾದ ವಾಸುದೇವರಾವ್ ಅವರ ಆ ಬಡಕಲು ಮೈ, ಆ ಕಣ್ಣು ಬಂದಾಗ ಕೆಲವರು ತಮ್ಮ ಚೋಮನನ್ನು ಬಿಟ್ಟುಕೊಟ್ಟರು, ಕೆಲವರು ಬಿಟ್ಟುಕೊಡಲಿಲ್ಲ. ಎರಡೂ ಸರಿಯೇ. ಶಿವರಾಮ ಕಾರಂತರು 1933ರಲ್ಲಿ ಬರೆದ ಪುಟಗಳಲ್ಲಿ ದುಡಿಗೆ ಸದ್ದಿಲ್ಲ, ಸದ್ದನ್ನು ಓದುವವರು ತಮ್ಮ ಬಾಳಿನಿಂದ ತಂದು ತುಂಬಬೇಕು. ಸಿನಿಮಾ ಆ ಜಾಗವನ್ನು ಒಂದು ನಿಶ್ಚಿತ ಸದ್ದಿನಿಂದ ತುಂಬುತ್ತದೆ. ಖಾಲಿ ಜಾಗ ಇತ್ತು ಎಂಬುದೇ ಗೊತ್ತಿಲ್ಲದ ಹುಡುಗನಿಗೆ ಅದು ತುಂಬಿದ್ದೂ ಗೊತ್ತಾಗುವುದಿಲ್ಲ. ಅದಕ್ಕೇ ಪುಟ ಮೊದಲು, ತೆರೆ ಆಮೇಲೆ. ಇಡೀ ಕಾದಂಬರಿ ಬೇಡ, ಇಡೀ ಚಿತ್ರವೂ ಬೇಡ. ಒಂದು ಪುಟ, ಒಂದು ದೃಶ್ಯ ಸಾಕು. ಉಳಿದದ್ದನ್ನು ಅವರೇ ಹುಡುಕಿಕೊಂಡು ಹೋಗುತ್ತಾರೆ.

ಪರೀಕ್ಷೆಯ ಪ್ರಶ್ನೆಯನ್ನೂ ಬದಲಿಸಿ. ‘ಚೋಮನ ಪಾತ್ರವನ್ನು ವಿವರಿಸಿ’ ಎಂದು ಕೇಳಿದರೆ ಸಿನಿಮಾ ನೋಡಿದವರು ಧಾರಾಳವಾಗಿ ಬರೆಯುತ್ತಾರೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವ ಭಾಗವನ್ನು ಎತ್ತಿಕೊಳ್ಳಿ. ಮೈಲಿಗೆಯ ಭಯದಿಂದ ದಡದ ಮೇಲಿನವರು ಆ ಹುಡುಗನನ್ನು ಮುಟ್ಟಿ ಎತ್ತುವುದಿಲ್ಲ. ಆ ಪುಟದಲ್ಲಿ ಕ್ಯಾಮೆರಾ ತೋರಿಸಲಾರದ ಒಂದು ವಾಕ್ಯವನ್ನು ಹುಡುಕಿ ಬರೆಯಿರಿ, ಯಾಕೆ ತೋರಿಸಲಾರದು ಎಂದು ಹೇಳಿ ಎಂದು ಕೇಳಿ. ಇದಕ್ಕೆ ಪುಸ್ತಕ ತೆರೆಯದೆ ಉತ್ತರ ಬರೆಯಲಾಗದು.

ಪ್ರಶ್ನೆ: ನನ್ನ ಮಾತೃಭಾಷೆ ತುಳು. ಚೋಮ ನಿಜವಾಗಿ ಮಾತಾಡುತ್ತಿದ್ದುದು ತುಳುವಿನಲ್ಲಿ ಅಲ್ಲವೇ? ಅವನ ಬಾಯಿಗೆ ಕನ್ನಡ ಹಾಕಿದ್ದು ಅವನ ಗುರುತನ್ನೇ ಕಿತ್ತುಕೊಂಡಂತೆ ಆಗಲಿಲ್ಲವೇ? — ಓದುಗರು, ಮಂಗಳೂರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೌದು, ಚೋಮನ ಗುಡಿಸಿಲಿನಲ್ಲಿ ಕೇಳುತ್ತಿದ್ದುದು ತುಳುವೇ ಆಗಿರಬೇಕು. ಮಗಳು ಬೆಳ್ಳಿ ತಮ್ಮಂದಿರನ್ನು ಕೂಗಿ ಕರೆದದ್ದು, ಒಡೆಯ ಸಂಕಪ್ಪಯ್ಯನ ಅಂಗಳದ ಆಚೆ ನಿಂತು ಚೋಮ ಬೇಸಾಯಕ್ಕೆ ಒಂದು ತುಂಡು ನೆಲ ಬೇಡಿದ್ದು ಎಲ್ಲವೂ. ಶಿವರಾಮ ಕಾರಂತರು ಕೋಟದಲ್ಲಿ ಹುಟ್ಟಿದವರು, ಅವರ ಮನೆಮಾತು ಆ ಕಡೆಯ ಕನ್ನಡ. ಬದುಕಿನ ಬಹುಭಾಗ ಕಳೆದದ್ದು ಪುತ್ತೂರಿನಲ್ಲಿ, ತುಳುವರ ನಡುವೆ. ಆದ್ದರಿಂದ ನಾವು ಓದುವ ‘ಚೋಮನ ದುಡಿ’ ಬರೆಯುವಾಗಲೇ ಒಂದು ಸಲ ಅನುವಾದಗೊಂಡ ಕೃತಿ. ಸಿನಿಮಾ ಆದದ್ದು ಎರಡನೆಯ ಅನುವಾದ. ಈ ಮಾತನ್ನು ನಮ್ಮ ತರಗತಿಗಳಲ್ಲಿ ಹೇಳುವವರು ಕಡಿಮೆ. ನಾನೇ ಎಷ್ಟೋ ವರ್ಷ ಹೇಳಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಆದರೆ ‘ಕಿತ್ತುಕೊಂಡರು’ ಎಂಬ ನಿಮ್ಮ ಮಾತಿಗೆ ಪೂರ್ತಿ ಒಪ್ಪಲಾರೆ. ಚೋಮನಿಂದ ಕಿತ್ತುಕೊಂಡವರು ಅವನಿಗೆ ನೆಲ ಕೊಡದವರು, ತೀರದ ಸಾಲಕ್ಕೆ ಅವನ ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಎಳೆದವರು. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಎತ್ತು ಮಾಡಿಕೊಂಡವನಿಗೆ ಉಳಲು ಗದ್ದೆಯಿಲ್ಲ. ಆ ಅನ್ಯಾಯ ತುಳುನಾಡಿನಿಂದ ಹೊರಗೆ ಬೀದರ್, ಕೋಲಾರದ ಓದುಗರಿಗೂ ಮುಟ್ಟಿದ್ದು ಅವನ ಬಾಯಲ್ಲಿ ಕನ್ನಡ ಇದ್ದುದರಿಂದ. ಇದು ಲಾಭ. ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಒಡೆಯನ ಮುಂದೆ ಆಳು ಬಳಸುವ ತುಳುವಿನ ಆ ಬಾಗಿದ ದನಿ ಹೇಗಿರುತ್ತದೆಂದು ನೀವು ಬಲ್ಲಿರಿ, ನಾನು ಪುತ್ತೂರಿನ ಕಡೆ ಕೆಲಸ ಮಾಡುವಾಗ ಕೇಳಿ ಕಲಿತೆ. ಅದು ಕನ್ನಡದ ವಾಕ್ಯದಲ್ಲಿ ಇಳಿಯುವುದಿಲ್ಲ.

ಸಿನಿಮಾ ಬಂದಾಗ ತುಳು ಚಿತ್ರಗಳು ಆಗಲೇ ಶುರುವಾಗಿದ್ದವು. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ 1971ರದು. ತುಳುವಿನಲ್ಲೇ ಚೋಮನನ್ನು ಮಾತಾಡಿಸುವ ದಾರಿ ಆಗ ಇದ್ದೇ ಇತ್ತು. ಆ ದಾರಿ ಹಿಡಿಯದೆ ಉಳಿದದ್ದರಲ್ಲಿ ಕನ್ನಡದ ದೊಡ್ಡತನವೂ ಇದೆ, ಕನ್ನಡದ ಬಲವೂ ಇದೆ. ಎರಡನ್ನೂ ಮಕ್ಕಳ ಮುಂದಿಡಬೇಕು.

ನಿಮ್ಮಲ್ಲಿ ಒಂದು ಬೇಡಿಕೆ. ಚೋಮ ಸಂಕಪ್ಪಯ್ಯನ ಮುಂದೆ ನೆಲ ಕೇಳುವ ಮಾತುಗಳನ್ನು ನಿಮ್ಮ ಮನೆಯ ತುಳುವಿಗೆ ತಿರುಗಿಸಿ, ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕಳಿಸಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರಿಂದ ಹೇಳಿಸಿ. ನನಗೆ ಅದನ್ನು ಕೇಳಬೇಕಾಗಿದೆ.

ಪ್ರಶ್ನೆ: ಲೇಖಕರ ಕತೆಯನ್ನು ನಿರ್ದೇಶಕರು ತಮಗೆ ಬೇಕಾದಂತೆ ತಿರುಚುವುದು ದ್ರೋಹವಲ್ಲವೇ? ವೈದೇಹಿಯವರ ಕತೆ ಓದಿ ‘ಗುಲಾಬಿ ಟಾಕೀಸ್’ ನೋಡಿದೆ. ಟಾಕೀಸೇ ಇಲ್ಲ! — ಓದುಗರು, ಶಿರಸಿ

ನಿಮ್ಮ ಬೇಸರ ಅರ್ಥವಾಗುತ್ತದೆ. ಕತೆಯಲ್ಲಿ ಗುಲಾಬಿ ಟಾಕೀಸು ಎಂಬುದು ಊರಿಗೆ ಹೊಸದಾಗಿ ಬಂದ ಚಿತ್ರಮಂದಿರದ ಹೆಸರು. ಸೂಲಗಿತ್ತಿ ಲಿಲ್ಲಿಬಾಯಿ ಅದರ ಹೆಂಗಸರ ಬಾಗಿಲಲ್ಲಿ ನಿಲ್ಲುವ ಕೆಲಸ ಹಿಡಿಯುತ್ತಾಳೆ. ಗಿರೀಶ್ ಕಾಸರವಳ್ಳಿಯವರ 2008ರ ಚಿತ್ರದಲ್ಲಿ ಗುಲಾಬಿ ಎಂಬುದು ಹೆಂಗಸಿನ ಹೆಸರು. ಗಂಡ ಬಿಟ್ಟುಹೋದ ಮುಸ್ಲಿಂ ಸೂಲಗಿತ್ತಿ, ಮೀನುಗಾರರ ಊರಿನಲ್ಲಿ ಒಂಟಿಯಾಗಿ ಇರುವವಳು. ಕಾಲ ಕಾರ್ಗಿಲ್ ಯುದ್ಧದ ಹೊತ್ತು. ಚಿತ್ರಮಂದಿರದ ಬದಲು ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಟೀವಿ, ಅದರ ಡಿಶ್ ತಟ್ಟೆ.

ಇಷ್ಟೆಲ್ಲ ಬದಲಾದ ಮೇಲೆ ಉಳಿದದ್ದು ಏನು ಎಂದು ಒಮ್ಮೆ ಹುಡುಕಿ ನೋಡಿ. ಹೆಂಗಸರು ಮನೆಗೆಲಸ ಮುಗಿಸಿ ಒಂದು ಬೆಳಕಿನ ಚೌಕದ ಮುಂದೆ ಒಟ್ಟಿಗೆ ಕೂರುವುದು, ಅದರಿಂದ ಅವರ ಮನಸ್ಸಿನೊಳಗೆ ಏನೋ ಅಲುಗಾಡುವುದು. ವೈದೇಹಿಯವರು ಹಿಡಿದದ್ದು ಆ ಅಲುಗಾಟವನ್ನು. ಕತೆಯ ಪೂರ್ಣ ಹೆಸರಿನಲ್ಲೇ ‘ಸಣ್ಣ ಅಲೆಗಳು’ ಇವೆಯಲ್ಲ! ಕಾಸರವಳ್ಳಿಯವರು ಅದೇ ಅಲೆಯನ್ನು ಹಿಡಿದು ಬೇರೊಂದು ಪ್ರಶ್ನೆ ಕೇಳಿದರು. ಒಂದೇ ಟೀವಿಯ ಮುಂದೆ ಕೂತ ಹೆಂಗಸರು ನಾಳೆ ಅದೇ ಗುಲಾಬಿಯನ್ನು ಹೊರಗಿನವಳು ಎಂದು ನೋಡುವುದು ಹೇಗೆ? ಕರಾವಳಿಯ ಆ ವರ್ಷಗಳನ್ನು ಕಂಡವರಿಗೆ ಈ ಪ್ರಶ್ನೆ ಪೊಳ್ಳಲ್ಲ. ಉಮಾಶ್ರೀ ಟೀವಿಯತ್ತ ನೋಡುವ ಮುಖವನ್ನೇ ಗಮನಿಸಿ. ಸಿನಿಮಾ ಅಂದರೆ ಪ್ರಾಣ ಬಿಡುವ ಹೆಂಗಸೊಬ್ಬಳ ಸಂತೋಷ ಆ ಮುಖದಲ್ಲಿ ಪೂರ್ತಿಯಾಗಿದೆ. ಆ ಸಂತೋಷ ಕತೆಯಿಂದಲೇ ಬಂದದ್ದು.

ದ್ರೋಹ ಎಂದು ನಾನು ಕರೆಯುವುದು ಬೇರೆಯದನ್ನು. ಲೇಖಕರ ಪ್ರಶ್ನೆಯನ್ನು ತೆಗೆದುಹಾಕಿ ಕತೆಯ ಹಂದರವನ್ನು ಮಾತ್ರ ಇಟ್ಟುಕೊಂಡರೆ ಅದು ದ್ರೋಹ. ಅಂಥ ಚಿತ್ರಗಳಲ್ಲಿ ಎಲ್ಲ ಘಟನೆಗಳೂ ಪುಸ್ತಕದಂತೆಯೇ ಇರಬಹುದು.

ಪ್ರಶ್ನೆ: ‘ಸಂಸ್ಕಾರ’ ಕಾದಂಬರಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಅಸ್ತಿತ್ವವಾದದ ಬಗ್ಗೆ ಬರೆಯಲು ಹೇಳಿದ್ದಾರೆ. ಹೊಸದಾಗಿ ಹೇಳಲು ಏನಾದರೂ ಉಳಿದಿದೆಯೇ? — ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಬೇಕಾದಷ್ಟು ಉಳಿದಿದೆ. ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರ ಆಯ್ಕೆ, ತಳಮಳಗಳ ಮೇಲೆ ಐವತ್ತು ವರ್ಷಗಳಿಂದ ಬರೆಯುತ್ತಲೇ ಬಂದಿದ್ದಾರೆ. ನೀವು ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಹಿಂದೆ ಹೋಗಿ.

ಅಗ್ರಹಾರದವರು ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಕಾದಂಬರಿಯುದ್ದಕ್ಕೂ ಚರ್ಚಿಸುತ್ತಾರೆ, ಆಚಾರ್ಯರು ಧರ್ಮಶಾಸ್ತ್ರದ ಓಲೆಗರಿಗಳನ್ನು ಮಗುಚುತ್ತಾರೆ. ಆದರೆ ಸಂಸ್ಕಾರ ಆಗಿಹೋಗಿರುತ್ತದೆ. ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿಟ್ಟರೂ ಸಂಸ್ಕಾರ ನಡೆಯದಿದ್ದಾಗ, ಚಂದ್ರಿ ರಾತ್ರಿ ಹೋಗಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ಹಣ ಕೊಟ್ಟಿದ್ದ. ಆ ಋಣದ ನೆನಪಿನಲ್ಲಿ ಅವನು ಹೆಣವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಸುಟ್ಟುಬಿಡುತ್ತಾನೆ. ಚಂದ್ರಿ ಕುಂದಾಪುರದ ಬಸ್ಸು ಹತ್ತುತ್ತಾಳೆ. ಮುಗಿಯಿತು. ಪುಟಗಳ ಲೆಕ್ಕದಲ್ಲಿ ಎಷ್ಟು ಚಿಕ್ಕ ಭಾಗ ಅದು! ಅಗ್ರಹಾರದ ಯಾರಿಗೂ ಗೊತ್ತಿಲ್ಲ, ಓದುಗರಿಗೆ ಮಾತ್ರ ಗೊತ್ತು. ಅಲ್ಲಿಂದಾಚೆಗಿನ ಪ್ರತಿಯೊಂದು ಚರ್ಚೆಯನ್ನೂ ನಾವು ಈ ಗುಟ್ಟನ್ನು ಇಟ್ಟುಕೊಂಡೇ ಓದುತ್ತೇವೆ. ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾಕೆ ಮುಗಿಸಿದರು ಎಂಬುದರ ಮೇಲೆ ಒಂದು ಇಡೀ ಅಧ್ಯಾಯ ಬರೆಯಬಹುದು.

ಇನ್ನೊಂದು ಎಳೆ. ಅನಂತಮೂರ್ತಿಯವರು ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಉಪಶೀರ್ಷಿಕೆಗಳಿಲ್ಲದೆ ನೋಡಿ ಬಂದದ್ದು ಕಾದಂಬರಿಯ ಬೀಜವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅರ್ಥವಾಗದ ಭಾಷೆಯ ಒಂದು ಸಿನಿಮಾದಿಂದ ಮಲೆನಾಡಿನ ಒಂದು ಅಗ್ರಹಾರ ಹುಟ್ಟಿತು, 1965ರಲ್ಲಿ ಪುಸ್ತಕವಾಯಿತು, 1970ರಲ್ಲಿ ಮತ್ತೆ ಸಿನಿಮಾ ಆಯಿತು. ಆ ಸಿನಿಮಾ ಮಾಡಿದವರು ಯಾರು ನೋಡಿ: ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ರಾಷ್ಟ್ರಪತಿಗಳ ಸ್ವರ್ಣ ಕಮಲ ಪಡೆದ ಮೊದಲ ಕನ್ನಡ ಚಿತ್ರ ಇಂಥವರ ಕೈಯಿಂದ ಬಂತು. ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದರು. ಹೊರಬಂದ ಸ್ವಲ್ಪ ದಿನಗಳಲ್ಲೇ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಅವರ ಚಂದ್ರಿಯನ್ನು ನೋಡುವಾಗ ನನಗೆ ಇದನ್ನು ಮರೆಯಲು ಆಗುವುದೇ ಇಲ್ಲ.

ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ನಿಮ್ಮ ಮೇಜಿನ ಮೇಲೆ ಇರಲಿ. ‘ಸಂಸ್ಕಾರ’ ಎಂಬ ಮಾತನ್ನು ಅನುವಾದಿಸದೆ ಹಾಗೆಯೇ ಉಳಿಸಿ, ಪುಸ್ತಕದ ಮುಂಭಾಗದಲ್ಲಿ ಕಿಟ್ಟೆಲ್ ನಿಘಂಟಿನಿಂದ ಅದರ ಅರ್ಥಗಳನ್ನು ಎತ್ತಿಕೊಟ್ಟಿದ್ದಾರೆ. ಆ ಪಟ್ಟಿಯ ಎಷ್ಟು ಅರ್ಥಗಳು ಆಚಾರ್ಯರಿಗೆ ಸಲ್ಲುತ್ತವೆ, ಎಷ್ಟು ಅಹಮದ್ ಬ್ಯಾರಿಗೆ ಸಲ್ಲುತ್ತವೆ ಎಂದು ಒಂದು ಸಂಜೆ ಕೂತು ಬರೆದುಕೊಳ್ಳಿ. ಮಾರ್ಗದರ್ಶಕರಿಗೆ ಆ ಹಾಳೆಯನ್ನೇ ತೋರಿಸಿ.

ಪ್ರಶ್ನೆ: ಆರ್.ಕೆ. ನಾರಾಯಣ್ ಕನ್ನಡಿಗರೋ ಅಲ್ಲವೋ? ನಮ್ಮ ಓದುಗರ ಬಳಗದಲ್ಲಿ ದೊಡ್ಡ ಜಗಳವಾಯಿತು. — ಓದುಗರು, ಮೈಸೂರು

ಹುಟ್ಟಿದ್ದು ಮದ್ರಾಸಿನಲ್ಲಿ, ಮನೆಮಾತು ತಮಿಳು, ಬರೆದದ್ದು ಇಂಗ್ಲಿಷಿನಲ್ಲಿ, ಬದುಕಿದ್ದು ನಿಮ್ಮ ಮೈಸೂರಿನಲ್ಲಿ. ಮನೆಮಾತಿನ ಪರೀಕ್ಷೆ ಇಡುವುದಾದರೆ ಮರಾಠಿಯ ಬೇಂದ್ರೆ, ತಮಿಳಿನ ಮಾಸ್ತಿ ಇಬ್ಬರನ್ನೂ ಹೊರಗೆ ಕಳಿಸಬೇಕಾಗುತ್ತದೆ. ಬೇಂದ್ರೆ, ಮಾಸ್ತಿ ಕನ್ನಡದಲ್ಲಿ ಬರೆದರು, ನಾರಾಯಣ್ ಬರೆಯಲಿಲ್ಲ. ಆದ್ದರಿಂದ ಅವರು ಕನ್ನಡ ಲೇಖಕರಲ್ಲ, ಮೈಸೂರಿನ ಲೇಖಕರು. ನನಗೆ ಈ ಉತ್ತರದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. 1986ರ ಸುಮಾರಿಗೆ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಊರು ಹುಡುಕುತ್ತಾ ಆಗುಂಬೆಗೆ ಬಂದರು. ಕಲ್ಪನೆಯ ಊರಿಗೆ ನಮ್ಮ ಜಗಲಿ, ನಮ್ಮ ಮಳೆ, ನಮ್ಮ ಹೆಂಚಿನ ಮಾಡು ಸಿಕ್ಕವು. ಇಂದಿಗೂ ಜನ ಅಲ್ಲಿನ ದೊಡ್ಡಮನೆಯ ಜಗಲಿಯ ಮೇಲೆ ಕೂತು ಮಾಲ್ಗುಡಿಗೆ ಬಂದೆವು ಎನ್ನುತ್ತಾರೆ. ಜಗಳ ಸಾಕು, ಬಳಗದವರೆಲ್ಲ ಒಂದು ಸಲ ಹೋಗಿ ಬನ್ನಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹದಿಮೂರು ವರ್ಷದ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಯಾವ ಕತೆಯಿಂದ, ಯಾವ ಸಿನಿಮಾದಿಂದ ಆರಂಭಿಸಲಿ? — ತಾಯಿಯೊಬ್ಬರು

ಪೂರ್ಣಚಂದ್ರ ತೇಜಸ್ವಿಯವರ ‘ಡೇರ್ ಡೆವಿಲ್ ಮುಸ್ತಾಫಾ’. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಪುಟ್ಟ ಕತೆ, ಎರಡು ಮೂರು ರಾತ್ರಿಗಳಲ್ಲಿ ಮುಗಿಯುತ್ತದೆ. 2023ರಲ್ಲಿ ಶಶಾಂಕ್ ಸೋಗಾಲ್ ಇದನ್ನು ಸಿನಿಮಾ ಮಾಡಿದರು. ತೇಜಸ್ವಿಯವರನ್ನು ಓದಿ ಬೆಳೆದವರೇ ಹಣ ಕೂಡಿಸಿ ನಿರ್ಮಿಸಿದ ಚಿತ್ರ ಅದು. ಕತೆಯನ್ನು ಎಷ್ಟೋ ಪಟ್ಟು ಹಿಗ್ಗಿಸಿದ್ದಾರೆ, ಕ್ರಿಕೆಟ್ ಆಟವನ್ನಂತೂ ಬಹಳ ಬೆಳೆಸಿದ್ದಾರೆ. ಹದಿಮೂರರ ಹುಡುಗನಿಗೆ ಅದೇ ಹಿಡಿಸುತ್ತದೆ.

ಆದರೆ ಮೊದಲು ನೀವು ಓದಿ ಹೇಳಿ. ಅವನಿಗೆ ಅಕ್ಷರ ಬಾರದಿದ್ದರೆ ಚಿಂತೆಯಿಲ್ಲ, ಕಿವಿ ಇದೆ. ಪುಸ್ತಕ ಇಬ್ಬರ ನಡುವೆ ತೆರೆದಿರಲಿ, ಓದುವ ಸಾಲಿನ ಕೆಳಗೆ ನಿಮ್ಮ ಬೆರಳು ಸರಿಯುತ್ತಿರಲಿ. ಕಾಲೇಜಿನ ಒಬ್ಬನೇ ಮುಸ್ಲಿಂ ಹುಡುಗ ಮುಸ್ತಾಫಾ. ಹಾಜರಿ ಪುಸ್ತಕದಲ್ಲಿ ಅವನದು ಮಾರುದ್ದದ ಹೆಸರು. ಆ ಹೆಸರು ಬರುವ ಕಡೆ ನಿಲ್ಲಿಸಿ, ಮಗನನ್ನು ಕೇಳಿ: ನಿನ್ನ ಶಾಲೆಯಲ್ಲಿ ಹಾಜರಿ ಕರೆಯುವಾಗ ನಿನ್ನ ಹೆಸರನ್ನು ಹೇಗೆ ಹೇಳುತ್ತಾರೆ? ಅವನು ಹೇಳುವುದನ್ನು ತಿದ್ದದೆ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಮುಂದಿನ ಸಾಲು ಓದಿ.